ಹೂ ಬಿಡಿಸುವುದು

ಕನ್ನಡದಲ್ಲಿ ‘ಬಿಡಿಸು’ ಎಂಬ ಮಾತು ಬಹಳ ಉಪಕಾರಿ. ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಗಿಡದಿಂದ ಹೂ ಬಿಡಿಸುತ್ತೇವೆ. ಕಾಗದದ ಮೇಲೆ ಚಿತ್ರವನ್ನೂ ಬಿಡಿಸುತ್ತೇವೆ. ಪಾಠ ಹೇಳುವವನಿಗೆ ಇಂಥ ಮಾತು ಸಿಕ್ಕರೆ ಹತ್ತು ನಿಮಿಷ ಸಲೀಸಾಗಿ ಕಳೆಯುತ್ತದೆ. ನನಗೆ ಮಾತ್ರ ಅದರ ಕೊನೆಯ ಎರಡು ಅರ್ಥಗಳ ನಡುವೆ ಸಿಕ್ಕಿಕೊಳ್ಳುವ ಪ್ರಸಂಗ ಬಂತು.

ನಮ್ಮ ತಂದೆಯವರು ದಿನವೂ ಶಿವನಿಗೆ ತುಂಬೆ ಹೂ ಏರಿಸುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡ ಮೇಲೆ ಪೂಜೆ ನನ್ನ ಪಾಲಿಗೆ ಬಂತು. ಕುಳಿತುಕೊಳ್ಳುತ್ತೇನೆ, ಗಂಟೆ ಬಾರಿಸುತ್ತೇನೆ. ನಾಲಗೆಯ ಮೇಲೆ ಮಂತ್ರವಿರುತ್ತದೆ, ಮನಸ್ಸು ಕಾಲೇಜಿನ ಉತ್ತರಪತ್ರಿಕೆಗಳನ್ನು ತಿದ್ದುತ್ತಿರುತ್ತದೆ. ದೇವರು ಇದ್ದಾನೆಯೆ ಎಂಬ ದೊಡ್ಡ ಸಂಶಯವೇನೂ ನನಗಿಲ್ಲ. ಆ ಹೊತ್ತಿನಲ್ಲಿ ನಾನು ಅಲ್ಲಿ ಇದ್ದೇನೆಯೆ ಎಂಬುದೇ ಸಂಶಯ.

ಹೂವಿಗೆಂದು ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆ ಹೋಗುವುದುಂಟು. ಮಳೆ ಬಿದ್ದ ಮೇಲೆ ದಾರಿಯ ಬದಿಯಲ್ಲಿ ತುಂಬೆ ತಾನಾಗಿ ಏಳುತ್ತದೆ. ಒಂದು ದಿನ ಚೀಲದಲ್ಲಿ ಪೆನ್ಸಿಲೂ ಪುಸ್ತಕವೂ ಇದ್ದವು. ಕೀಳುವ ಮೊದಲು ಒಮ್ಮೆ ಬರೆಯೋಣವೆಂದು ಕುಳಿತೆ.

ಆ ಒಂದಡಿಯ ಗಿಡದಲ್ಲಿ ಎಷ್ಟು ನೇಮ! ಕಾಂಡ ದುಂಡಗಿಲ್ಲ, ನಾಲ್ಕು ಮೂಲೆಯದು. ಎಲೆಗಳು ಜೋಡಿಜೋಡಿ, ಒಂದು ಜೋಡಿ ಪೂರ್ವ-ಪಶ್ಚಿಮವಾದರೆ ಅದರ ಮೇಲಿನದು ಉತ್ತರ-ದಕ್ಷಿಣ, ಕೆಳಗಿನದಕ್ಕೆ ಬಿಸಿಲು ತಪ್ಪದ ಹಾಗೆ. ಗೆಣ್ಣಿನಲ್ಲಿ ಪುಟ್ಟ ಹಸಿರು ಬಟ್ಟಲುಗಳ ಒಂದು ಉಂಡೆ, ಅದರಿಂದ ಹೊರಚಾಚಿದ ಹೂಗಳು. ಮೇಲ್ದುಟಿ ನವಿರು ರೋಮದ ಕುಲಾವಿ. ಕೆಳದುಟಿ ಅಗಲ, ಜೇನುನೊಣ ಬಂದು ಕೂರಲೆಂದು ಹಾಕಿದ ಮಣೆ. ಹೂ ಉದುರಿದರೂ ಬಟ್ಟಲು ಉಳಿದು, ಒಳಗೆ ನಾಲ್ಕು ಬೀಜಗಳನ್ನು ಕಾಯುತ್ತದೆ. ಸಸ್ಯಶಾಸ್ತ್ರದವರು ಇದನ್ನು ಲ್ಯೂಕಾಸ್ ಆಸ್ಪೆರ ಎನ್ನುತ್ತಾರೆ: ಬಿಳಿಯದು, ಒರಟಾದದ್ದು. ಎಲೆಯನ್ನು ಮುಟ್ಟಿ ನೋಡಿ, ಹೆಸರು ಸುಳ್ಳಲ್ಲ.

ಎಲ್ಲವನ್ನೂ ಬರೆಯಬಹುದು, ಬಿಳುಪನ್ನು ಬರೆಯುವುದು ಹೇಗೆ? ಪೆನ್ಸಿಲ್ ತಾಗಿದರೆ ಹೂ ಕೊಳೆಯಾಗುತ್ತದೆ. ಸುತ್ತಲಿನ ಎಲೆಯ ನೆರಳನ್ನು ತುಂಬಿ, ಹೂವಿದ್ದಲ್ಲಿ ಕಾಗದವನ್ನು ಸುಮ್ಮನೆ ಬಿಡಬೇಕು. ವಚನಗಳಲ್ಲಿ ಬರುವ ‘ಬಯಲು’ ಎಂಬ ಮಾತಿಗೆ ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಅರ್ಥ ಬರೆದಿದ್ದೇನೆ. ನನ್ನ ಕೈಗೆ ಅದು ತಿಳಿದದ್ದು ಅಂದು. ತಲೆಯೆತ್ತಿದಾಗ ಬಿಸಿಲು ಏರಿತ್ತು. ಅಷ್ಟು ಹೊತ್ತೂ ಒಂದು ಉತ್ತರಪತ್ರಿಕೆಯೂ ನೆನಪಾಗಿರಲಿಲ್ಲ.

“ಹೂ ಬಿಡಿಸಿಕೊಂಡು ಬಾ ಅಂದರೆ ಇದೇನೊ!” ಎಂದಳು ಅಮ್ಮ.

“ಬಿಡಿಸಿಕೊಂಡೇ ಬಂದಿದ್ದೇನಮ್ಮ.”

ಅವಳು ನಗಲಿಲ್ಲ. ಪುಸ್ತಕವನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು. “ಅವರಿದ್ದಿದ್ದರೆ ನಾಲ್ಕಾದರೂ ಕಿತ್ತು ತರುತ್ತಿದ್ದರು” ಎಂದಳು.

ಈಗ ನಾಲ್ಕು ಹೂ ತಪ್ಪದೆ ತರುತ್ತೇನೆ. ಬರೆದ ಗಿಡದಿಂದಲ್ಲ, ಪಕ್ಕದ ಗಿಡದಿಂದ.