ಇಲ್ಲದ ಬಿಲ್ಲೆಯ ಲೆಕ್ಕ

ಡಾಮಿನೋ ಎಂಬುದು ಆಯತಾಕಾರದ ಚಪ್ಪಟೆ ಬಿಲ್ಲೆಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಆಡುವ ಆಟ. ಪ್ರತಿ ಬಿಲ್ಲೆಯ ಮುಖವನ್ನು ನಡುವಿನ ಗೆರೆಯೊಂದು ಎರಡು ಮನೆಗಳಾಗಿ ವಿಂಗಡಿಸುತ್ತದೆ. ಒಂದೊಂದು ಮನೆಯಲ್ಲಿಯೂ ಒಂದರಿಂದ ಆರರವರೆಗೆ ಚುಕ್ಕಿಗಳಿರುತ್ತವೆ, ಇಲ್ಲವೇ ಚುಕ್ಕಿಯಿಲ್ಲದೆ ಖಾಲಿ ಇರುತ್ತದೆ. ಖಾಲಿಯನ್ನು ಸೊನ್ನೆಯೆಂದು ಎಣಿಸಿ, ಸೊನ್ನೆಯಿಂದ ಆರರವರೆಗಿನ ಏಳು ಅಂಕಿಗಳನ್ನು ಎರಡೆರಡಾಗಿ ಕೂಡಿಸಬಹುದಾದ ಎಲ್ಲ ಬಗೆಗಳೂ ಒಂದೊಂದು ಸಲ ಮಾತ್ರ ಬರುವಂತೆ ಮಾಡಿದರೆ 28 ಬಿಲ್ಲೆಗಳಾಗುತ್ತವೆ. ಇವುಗಳಲ್ಲಿ ಎರಡೂ ಮನೆಗಳಲ್ಲಿ ಒಂದೇ ಅಂಕಿಯಿರುವ ಏಳು ಬಿಲ್ಲೆಗಳಿಗೆ ಡಬಲ್ ಎಂದೂ, ಅತಿ ದೊಡ್ಡ ಡಬಲ್ಲಿನ ಹೆಸರಿನಿಂದ ಇಡೀ ಕಟ್ಟಿಗೆ ಡಬಲ್-ಸಿಕ್ಸ್ ಎಂದೂ ಹೆಸರು. ಚೀನಾದಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿರುವ 32 ಬಿಲ್ಲೆಗಳ ಕಟ್ಟಿನಲ್ಲಿ ಖಾಲಿ ಮನೆಗಳಿಲ್ಲ. ಖಾಲಿಯನ್ನು ಸೇರಿಸಿಕೊಂಡ ರೂಪ 18ನೆಯ ಶತಮಾನದಲ್ಲಿ ಯುರೋಪಿನಲ್ಲಿ ಕಾಣಿಸಿಕೊಂಡು, ಮುಂದೆ ಸ್ಪ್ಯಾನಿಶ್ ಮಾತಾಡುವ ನಾಡುಗಳಲ್ಲಿ, ಅದರಲ್ಲೂ ಕೆರಿಬಿಯನ್ ದ್ವೀಪಗಳಲ್ಲಿ, ಆಳವಾಗಿ ಬೇರುಬಿಟ್ಟಿತು.

ಕರ್ನಾಟಕದಲ್ಲಿ ಇಸ್ಪೀಟಿಗೋ ಕೇರಮ್ಮಿಗೋ ಜೊತೆ ಸಿಗುವಷ್ಟು ಸುಲಭವಾಗಿ ಡಾಮಿನೋ ಆಡಲು ಜೊತೆ ಸಿಗುವುದಿಲ್ಲವಾದ್ದರಿಂದ, ಇಲ್ಲಿ ಈ ಆಟವನ್ನು ಕಲಿಯಹೊರಟವರಿಗೆ ಕಂಪ್ಯೂಟರೇ ಎದುರಾಳಿ, ಅದೇ ಗುರು. ನಿಯಮಗಳ ಮಟ್ಟಿಗೆ ಈ ಗುರು ನಿಜಕ್ಕೂ ಒಳ್ಳೆಯದು. ಇಬ್ಬರ ಆಟದಲ್ಲಿ ಅದು ತಲಾ ಏಳು ಬಿಲ್ಲೆಗಳನ್ನು ಹಂಚಿ, ಉಳಿದ 14ನ್ನು ಮುಖ ಕೆಳಗಾಗಿಸಿ ರಾಶಿಯಲ್ಲಿಡುತ್ತದೆ. ಮೊದಲ ಬಿಲ್ಲೆ ಬಿದ್ದ ಮೇಲೆ ಸಾಲಿಗೆ ಎರಡು ತುದಿಗಳಾಗುತ್ತವೆ. ಸರದಿ ಬಂದವರು ಆ ತುದಿಗಳ ಅಂಕಿಗೆ ಹೊಂದುವ ಬಿಲ್ಲೆಯೊಂದನ್ನು ಜೋಡಿಸಬೇಕು. ಹೊಂದುವ ಬಿಲ್ಲೆ ಕೈಯಲ್ಲಿಲ್ಲದಿದ್ದರೆ, ಡ್ರಾ ಎಂಬ ಬಗೆಯಲ್ಲಿ ಅಂಥದು ಸಿಗುವವರೆಗೂ ರಾಶಿಯಿಂದ ಎಳೆಯಬೇಕು. ಬ್ಲಾಕ್ ಎಂಬ ಬಗೆಯಲ್ಲಿ ಎಳೆಯುವುದಿಲ್ಲ, ಪಾಸ್ ಹೇಳಿ ಸರದಿಯನ್ನು ಬಿಟ್ಟುಕೊಡಬೇಕು. ಕೈ ಮೊದಲು ಖಾಲಿಯಾದವರು ಗೆದ್ದಂತೆ. ಎದುರಾಳಿಯ ಕೈಯಲ್ಲಿ ಉಳಿದ ಚುಕ್ಕಿಗಳೆಲ್ಲ ಗೆದ್ದವರ ಖಾತೆಗೆ ಅಂಕಗಳಾಗಿ ಸೇರುತ್ತವೆ. ಯಾರೂ ಆಡಲಾಗದೆ ಸಾಲು ಮುಚ್ಚಿಹೋದರೆ ಕೈಯಲ್ಲಿ ಕಡಿಮೆ ಚುಕ್ಕಿ ಉಳಿದವರದೇ ಗೆಲುವು. ಇಷ್ಟನ್ನು ಪರದೆಯ ಮುಂದೆ ಅರ್ಧ ಗಂಟೆ ಕೂತವರು ಯಾರೂ ವಿವರಿಸದೆಯೇ ಅರಿತುಕೊಳ್ಳುತ್ತಾರೆ, ಏಕೆಂದರೆ ಬಹುತೇಕ ಪ್ರೋಗ್ರಾಮುಗಳಲ್ಲಿ ಆಡಬಹುದಾದ ಬಿಲ್ಲೆಗಳು ಬೆಳಗುತ್ತವೆ, ಆಡಲಾಗದವು ಮಂಕಾಗುತ್ತವೆ, ತಪ್ಪು ಬಿಲ್ಲೆಯನ್ನು ಒತ್ತಿದರೂ ಅದು ಕದಲುವುದಿಲ್ಲ.

ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೊಂದಿದೆ. ಡಾಮಿನೋದ ಜಾಣ್ಮೆಯೆಲ್ಲ ಎದುರಾಳಿಯ ಕೈಯಲ್ಲಿ ಯಾವ ಅಂಕಿ ಇಲ್ಲ ಎಂಬುದನ್ನು ತಿಳಿಯುವುದರಲ್ಲಿದೆ, ಮತ್ತು ಬೆಳಗುವ ಬಿಲ್ಲೆಗಳು ಕಣ್ಣನ್ನು ಸದಾ ತನ್ನ ಕೈಯಲ್ಲಿರುವುದರ ಕಡೆಗೇ ಸೆಳೆಯುತ್ತವೆ. ರಮ್ಮಿ ಆಡುವವರು ಎದುರಿನವರು ಎಸೆದ ಎಲೆಯನ್ನು ನೋಡಿ ಅವರ ಕೈಯನ್ನು ಊಹಿಸುವುದುಂಟು. ಅದು ಊಹೆಯಷ್ಟೆ, ಬೇಕಾದ ಎಲೆಯನ್ನೇ ಎಸೆದು ದಾರಿ ತಪ್ಪಿಸಲೂ ಅಲ್ಲಿ ಅವಕಾಶವಿದೆ. ಡಾಮಿನೋದ ಪಾಸಿನಲ್ಲಿ ಮರೆಮಾಚಲು ಏನೂ ಇಲ್ಲ. ಬಿಲ್ಲೆಯಿದ್ದರೆ ಆಡಲೇಬೇಕೆಂಬ ನಿಯಮವಿರುವುದರಿಂದ, ತುದಿಗಳಲ್ಲಿ 5 ಮತ್ತು 2 ಇದ್ದಾಗ ಪಾಸ್ ಹೇಳಿದವರ ಕೈಯಲ್ಲಿ 5 ಇಲ್ಲ, 2 ಇಲ್ಲ. ಬ್ಲಾಕ್ ಆಟದಲ್ಲಿ ಹೊಸ ಬಿಲ್ಲೆ ಕೈಸೇರುವ ದಾರಿಯೇ ಇಲ್ಲವಾದ್ದರಿಂದ ಈ ಮಾತು ಆ ಆಟದ ಕೊನೆಯವರೆಗೂ ನಿಜವಾಗಿಯೇ ಉಳಿಯುತ್ತದೆ. ಪ್ರೋಗ್ರಾಮು ಇಂಥ ಮಹತ್ವದ ಸುದ್ದಿಯನ್ನು ಕ್ಷಣಕಾಲ ಮಿನುಗುವ ಒಂದು ಪದವಾಗಿ ತೋರಿಸಿ ಮುಂದೆ ಸಾಗಿಬಿಡುತ್ತದೆ.

ಡ್ರಾ ಆಟದಲ್ಲಿ ಇದೇ ಸುದ್ದಿ ಇನ್ನೂ ಸೂಕ್ಷ್ಮವಾಗಿ ಬರುತ್ತದೆ. ತುದಿಗಳಲ್ಲಿ 5 ಮತ್ತು 2 ಇರುವಾಗ ಕಂಪ್ಯೂಟರ್ ರಾಶಿಯಿಂದ ಮೂರು ಬಿಲ್ಲೆಗಳನ್ನು ಎಳೆದು, ಮೂರನೆಯದಾಗಿ ಬಂದ 5-3ನ್ನು ಸಾಲಿಗೆ ಸೇರಿಸಿತು ಎನ್ನೋಣ. ಹೊಸಬರು ಇದನ್ನು ಎದುರಾಳಿಗೆ ಬಿದ್ದ ಹೊರೆಯೆಂದಷ್ಟೇ ನೋಡುತ್ತಾರೆ. ಸ್ವಲ್ಪ ತಡೆದು ಯೋಚಿಸಿದರೆ ಹೆಚ್ಚಿನದು ಗೋಚರಿಸುತ್ತದೆ: ಎಳೆಯುವ ಮೊದಲು ಅದರ ಕೈಯಲ್ಲಿ 5 ಆಗಲಿ 2 ಆಗಲಿ ಇರಲಿಲ್ಲ, ಮೊದಲೆರಡು ಸಲ ಎಳೆದ ಬಿಲ್ಲೆಗಳಲ್ಲಿಯೂ ಇರಲಿಲ್ಲ, ಇದ್ದಿದ್ದರೆ ಎಳೆಯುವುದು ಅಲ್ಲಿಗೇ ನಿಲ್ಲುತ್ತಿತ್ತು, ಮೂರನೆಯದು ಕೈಬಿಟ್ಟು ಸಾಲಿಗೆ ಹೋಯಿತು. ಹೀಗಾಗಿ ಈಗ ಅದರ ಇಡೀ ಕೈಯಲ್ಲಿ 5 ಮತ್ತು 2 ಎಂಬ ಅಂಕಿಗಳೇ ಇಲ್ಲ. ತುದಿಗಳು ಈಗ 3 ಮತ್ತು 2. ಕಲಿಯುವವರ ಕೈಯಲ್ಲಿ 3-6, 3-2, 2-4 ಇವೆಯೆಂದರೆ, ಭಾರ ಇಳಿಸುವ ಆಸೆಯಿಂದ ಒಂಬತ್ತು ಚುಕ್ಕಿಗಳ 3-6ನ್ನು ಆಡುವುದು ಸಹಜ. ಅದರ ಬದಲು 3-2ನ್ನು ಮೂರರ ತುದಿಗೆ ಸೇರಿಸಿದರೆ ಎರಡೂ ತುದಿಗಳು 2 ಆಗಿ, ಎದುರಾಳಿ ಮತ್ತೆ ರಾಶಿಗೇ ಕೈಹಾಕಬೇಕಾಗುತ್ತದೆ, ತನ್ನಲ್ಲಿ ಮಾತ್ರ ಮುಂದಿನ ಸರದಿಗೆ 2-4 ಸಿದ್ಧವಾಗಿರುತ್ತದೆ. ಎಳೆದಷ್ಟೂ ಎದುರಾಳಿಯ ಕೈ ದೊಡ್ಡದಾಗಿ ಅದಕ್ಕೆ ಆಯ್ಕೆಗಳು ಹೆಚ್ಚುತ್ತವೆ ಎಂಬುದೂ ನಿಜವಾದ್ದರಿಂದ, ಈ ಒತ್ತಡವನ್ನು ಆಟದ ಆರಂಭದಲ್ಲಿ ಹಾಕುವುದಕ್ಕಿಂತ ತನ್ನ ಕೈಯಲ್ಲಿ ಎರಡು ಮೂರು ಬಿಲ್ಲೆಗಳು ಮಾತ್ರ ಉಳಿದಾಗ ಹಾಕುವುದು ಮೇಲು.

ಇದಕ್ಕಿಂತಲೂ ಚೆಲುವಾದ ಒಂದು ಲೆಕ್ಕ ಈ ಆಟದೊಳಗೆ ಅಡಗಿದೆ. ಡಬಲ್-ಸಿಕ್ಸ್ ಕಟ್ಟಿನಲ್ಲಿ ಪ್ರತಿ ಅಂಕಿಯೂ ಏಳು ಬಿಲ್ಲೆಗಳಲ್ಲಿ ಬರುತ್ತದೆ. ಡಬಲ್ಲಿನಲ್ಲಿ ಎರಡು ಸಲ ಬರುವುದರಿಂದ ಒಟ್ಟು ಎಂಟು ಮನೆಗಳಾಗುತ್ತವೆ. ಕವಲೊಡೆಯದೆ ಒಂದೇ ಸಾಲಾಗಿ ಬೆಳೆಯುವ ಆಟದಲ್ಲಿ ಪ್ರತಿ ಮನೆಯೂ ಇನ್ನೊಂದು ಸಮಾನ ಮನೆಗೆ ಅಂಟಿಕೊಂಡಿರುತ್ತದೆ, ಇಲ್ಲವೇ ತುದಿಯಲ್ಲಿ ಒಂಟಿಯಾಗಿರುತ್ತದೆ. ಎಂಟು ಸಮಸಂಖ್ಯೆಯಾದ್ದರಿಂದ, ಒಂದು ಅಂಕಿಯ ಏಳೂ ಬಿಲ್ಲೆಗಳು ಸಾಲಿಗೆ ಬಂದ ಮೇಲೆ ಆ ಅಂಕಿ ಎರಡೂ ತುದಿಗಳಲ್ಲಿ ಇರಬೇಕು ಅಥವಾ ಎರಡರಲ್ಲೂ ಇರಬಾರದು. ಒಂದೇ ತುದಿಯಲ್ಲಿ ಇರಲು ಸಾಧ್ಯವೇ ಇಲ್ಲ. ಎರಡೂ ತುದಿಗಳಲ್ಲಿದ್ದರೆ ಸಾಲು ಮುಚ್ಚಿದಂತೆ. ಇದರ ಪ್ರಯೋಜನ ನೇರವಾದದ್ದು. ನಾಲ್ಕರ ಆರು ಬಿಲ್ಲೆಗಳು ಸಾಲಿನಲ್ಲಿವೆ, ತುದಿಗಳು 4 ಮತ್ತು 1, ಏಳನೆಯದಾದ 4-1 ತನ್ನ ಕೈಯಲ್ಲಿದೆ ಎಂದಾಗ, ಪರದೆಯ ಮೇಲೆ ಎರಡು ಜಾಗಗಳೂ ಬೆಳಗಿ ಎಲ್ಲಿಡಬೇಕೆಂದು ಪ್ರೋಗ್ರಾಮು ಕೇಳುತ್ತದೆ. ನಾಲ್ಕಕ್ಕೆ ಸೇರಿಸಿದರೆ ತುದಿಗಳೆರಡೂ 1 ಆಗುತ್ತವೆ, ಒಂದರ ಬಿಲ್ಲೆ ಇನ್ನೂ ಹೊರಗಿದ್ದರೆ ಆಟ ಮುಂದುವರಿಯುತ್ತದೆ. ಒಂದಕ್ಕೆ ಸೇರಿಸಿದರೆ ತುದಿಗಳೆರಡೂ 4 ಆಗಿ ಆಟ ಅಲ್ಲಿಗೇ ಮುಗಿಯುತ್ತದೆ. ನೋಡಲು ಒಂದೇ ಬಿಲ್ಲೆಯ ಎರಡು ಸಾಧಾರಣ ಜಾಗಗಳು, ಫಲ ಮಾತ್ರ ಅಜಗಜಾಂತರ. ಯಾವುದನ್ನು ಆರಿಸಬೇಕೆಂಬುದಕ್ಕೆ ಚುಕ್ಕಿಗಳ ಎಣಿಕೆ ನೆರವಾಗುತ್ತದೆ: ಇಡೀ ಕಟ್ಟಿನಲ್ಲಿ 168 ಚುಕ್ಕಿಗಳಿದ್ದು, ಸಾಲಿನಲ್ಲಿರುವ ಮತ್ತು ತನ್ನ ಕೈಯಲ್ಲಿರುವ ಚುಕ್ಕಿಗಳನ್ನು ಅದರಿಂದ ಕಳೆದರೆ ಕಾಣದ ಬಿಲ್ಲೆಗಳ ಒಟ್ಟು ಭಾರ ದೊರೆಯುತ್ತದೆ, ತನ್ನ ಕೈ ಹಗುರವೆಂಬ ಭರವಸೆಯಿದ್ದರೆ ಸಾಲನ್ನು ಮುಚ್ಚಬಹುದು.

ಈ ಸಮ-ಬೆಸದ ತರ್ಕ, ಗಣಿತಜ್ಞ ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ ತರ್ಕವೇ. ಏಳು ಅಂಕಿಗಳನ್ನು ಏಳು ಬಿಂದುಗಳೆಂದೂ, ಡಬಲ್ ಅಲ್ಲದ 21 ಬಿಲ್ಲೆಗಳನ್ನು ಅವುಗಳ ನಡುವಿನ ಗೆರೆಗಳೆಂದೂ ಭಾವಿಸಿದರೆ ಪ್ರತಿ ಬಿಂದುವಿನಿಂದಲೂ ಆರು ಗೆರೆಗಳು ಹೊರಡುತ್ತವೆ. ಆರು ಸಮಸಂಖ್ಯೆಯಾದ ಕಾರಣ 28 ಬಿಲ್ಲೆಗಳನ್ನೂ ನಿಯಮ ಮುರಿಯದೆ ಒಂದೇ ಉಂಗುರವಾಗಿ ಜೋಡಿಸಲು ಸಾಧ್ಯ. ಕ್ಯೂಬಾದಲ್ಲಿ ಪ್ರಚಲಿತವಿರುವ ಡಬಲ್-ನೈನ್ ಕಟ್ಟಿಗೆ ಬಂದರೆ ಎಲ್ಲವೂ ತಿರುಗುಮುರುಗಾಗುತ್ತದೆ. ಅದರಲ್ಲಿ 55 ಬಿಲ್ಲೆಗಳು, ಒಂದೊಂದು ಅಂಕಿಗೆ ಹತ್ತು ಬಿಲ್ಲೆಗಳು, ಹನ್ನೊಂದು ಮನೆಗಳು. ಹನ್ನೊಂದು ಬೆಸಸಂಖ್ಯೆಯಾದ್ದರಿಂದ, ಒಂದು ಅಂಕಿಯ ಹತ್ತೂ ಬಿಲ್ಲೆಗಳು ಬಂದಾಗ ಆ ಅಂಕಿ ಯಾವುದಾದರೂ ಒಂದು ತುದಿಯಲ್ಲಿ ಕೂತೇ ಇರುತ್ತದೆ, ಆ ತುದಿ ಸತ್ತಂತೆ, ಆಟವೆಲ್ಲ ಉಳಿದ ಒಂದೇ ತುದಿಯಲ್ಲಿ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಒಂದು ಕಟ್ಟಿನಿಂದ ಇನ್ನೊಂದಕ್ಕೆ ಹೋಗಲು ಒಂದು ಗುಂಡಿ ಒತ್ತಿದರೆ ಸಾಕು. ಹಾಗೆ ಹೋದವರು ತಾವು ಬೇರೆಯೇ ಆಟಕ್ಕೆ ಬಂದಿದ್ದೇವೆಂಬುದನ್ನು ತಿಳಿದಿರಬೇಕು.

ತಂತ್ರದ ಉಳಿದ ಪಾಠಗಳು ಇಷ್ಟು ಗಹನವಾದವಲ್ಲ. ಡಬಲ್ ಬಿಲ್ಲೆ ಒಂದೇ ಅಂಕಿಗೆ ಹೊಂದುವುದರಿಂದ ಅದು ಕೈಯಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು, ಅದನ್ನು ಬೇಗ ಆಡುವುದು ಕ್ಷೇಮ. ಕೈಯಲ್ಲಿ ಆದಷ್ಟೂ ಬೇರೆ ಬೇರೆ ಅಂಕಿಗಳನ್ನು ಉಳಿಸಿಕೊಳ್ಳಬೇಕು. ಒಂದು ಅಂಕಿಯ ಹಲವು ಬಿಲ್ಲೆಗಳು ತನ್ನಲ್ಲಿದ್ದರೆ ಸಾಲನ್ನು ಅದರ ಕಡೆಗೇ ತಿರುಗಿಸಬೇಕು. ಕೊನೆಯ ಮಾತಿನ ಹಿಂದೆ ಸರಳವಾದ ಸಂಭವನೀಯತೆಯಿದೆ. ಇಬ್ಬರ ಆಟದಲ್ಲಿ ಐದರ ನಾಲ್ಕು ಬಿಲ್ಲೆಗಳು ತನ್ನಲ್ಲಿದ್ದರೆ ಹೊರಗಿರುವುದು ಮೂರೇ. ಕಾಣದ 21 ಬಿಲ್ಲೆಗಳಲ್ಲಿ ಏಳು ಎದುರಾಳಿಯವು, ಆ ಏಳರಲ್ಲಿ ಐದರ ಬಿಲ್ಲೆ ಒಂದೂ ಇಲ್ಲದಿರುವ ಸಂಭವ ಹೆಚ್ಚುಕಡಿಮೆ ನೂರಕ್ಕೆ 27. ತುದಿಗಳ ಮೊತ್ತ ಐದರ ಗುಣಕವಾದಾಗಲೆಲ್ಲ ಅಂಕ ಸಿಗುವ ಆಲ್ ಫೈವ್ಸ್ ಎಂಬ ಬಗೆಯಲ್ಲಿ ಇದರ ಮೇಲೆ ಕೂಡುವ ಲೆಕ್ಕವೂ ಸೇರುತ್ತದೆ. ಅಲ್ಲಿ ಮೊದಲ ಬಿಲ್ಲೆಯಾಗಿ 5-5 ಅಥವಾ 6-4 ಇಟ್ಟವರಿಗೆ ಹತ್ತು ಅಂಕಗಳು ಆಗಲೇ ದಕ್ಕುತ್ತವೆ. ಮೊತ್ತವನ್ನು ಪ್ರೋಗ್ರಾಮೇ ಕೂಡಿ ತೋರಿಸುತ್ತದೆಯಾದರೂ ಕಲಿಯುವವರು ಅದಕ್ಕಿಂತ ಮೊದಲು ತಾವೇ ಕೂಡಿಕೊಳ್ಳುವುದು ಒಳಿತು.

ಕಂಪ್ಯೂಟರ್ ಕದ್ದು ನೋಡಿ ಆಡುತ್ತದೆಂಬ ಗುಮಾನಿ ಸತತವಾಗಿ ಸೋತವರಲ್ಲಿ ಮೂಡುವುದು ಸಾಮಾನ್ಯ. ಪ್ರಾಮಾಣಿಕವಾಗಿ ಬರೆದ ಪ್ರೋಗ್ರಾಮಿಗೆ ಅದರ ಅಗತ್ಯವಿಲ್ಲ. ಬಿಲ್ಲೆಗಳನ್ನು ಕಲೆಸಲು ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಯೇಟ್ಸ್ 1938ರಲ್ಲಿ ಕೊಟ್ಟ ವಿಧಾನದ ಕಂಪ್ಯೂಟರ್ ರೂಪವನ್ನು ಬಳಸುವುದು ವಾಡಿಕೆ. ಉಳಿದಿರುವವುಗಳಿಂದ ಯಾದೃಚ್ಛಿಕವಾಗಿ ಒಂದನ್ನು ಆರಿಸಿ ಪಕ್ಕಕ್ಕಿಡುತ್ತ ಹೋಗುವುದರಿಂದ ಎಲ್ಲ ಕ್ರಮಗಳಿಗೂ ಸಮಾನ ಅವಕಾಶ ದೊರೆಯುತ್ತದೆ. ಚದುರಂಗದಂತೆ ಎಲ್ಲವೂ ಎದುರಿಗೇ ಕಾಣುವ ಆಟ ಇದಲ್ಲವಾದ್ದರಿಂದ, ಬಲವಾದ ಪ್ರೋಗ್ರಾಮು ಅನುಸರಿಸುವ ದಾರಿಯೂ ಬೇರೆ. ಅದು ಎದುರಾಳಿಯ ಕೈಯಲ್ಲಿ ಇರಬಹುದಾದ ಬಿಲ್ಲೆಗಳನ್ನು ಕಲ್ಪಿಸಿಕೊಳ್ಳುತ್ತದೆ. ಆಟದ ಆರಂಭದಲ್ಲಿ ಅಂಥ ಕೈಗಳು 1,16,280. ಒಂದೊಂದು ಪಾಸಿನೊಂದಿಗೂ ಅವುಗಳಲ್ಲಿ ದೊಡ್ಡ ಪಾಲು ಅಸಾಧ್ಯವೆಂದು ಕಳಚಿಬೀಳುತ್ತದೆ. ಉಳಿದವುಗಳಿಂದ ಕೆಲವು ನೂರನ್ನು ಆರಿಸಿಕೊಂಡು, ಪ್ರತಿಯೊಂದರಲ್ಲೂ ಆಟವನ್ನು ಕೊನೆಯವರೆಗೆ ತನ್ನೊಳಗೇ ಆಡಿನೋಡಿ, ಹೆಚ್ಚು ಸಲ ಗೆಲುವು ತಂದ ಬಿಲ್ಲೆಯನ್ನು ಅದು ಇಡುತ್ತದೆ. ಜೋಡಿ ಡಾಮಿನೋ ಆಡುತ್ತ ಕಲಿಯುವ ಪ್ರೋಗ್ರಾಮೊಂದರ ವಿವರ 1973ರಷ್ಟು ಹಿಂದೆಯೇ ಕಮ್ಯುನಿಕೇಶನ್ಸ್ ಆಫ್ ದಿ ಎಸಿಎಮ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕಲಿಯುವವರ ದೃಷ್ಟಿಯಿಂದ ಗಮನಾರ್ಹವಾದದ್ದೆಂದರೆ, ಪಾಸನ್ನು ಸುದ್ದಿಯೆಂದು ಪರಿಗಣಿಸುವ ವಿಷಯದಲ್ಲಿ ಯಂತ್ರವೂ ನುರಿತ ಆಟಗಾರರೂ ಒಂದೇ ಹಾದಿಯಲ್ಲಿದ್ದಾರೆ.

ಯಂತ್ರ ಕಲಿಸಲಾರದ್ದು ಜೊತೆಗಾರಿಕೆಯನ್ನು. ಪೋರ್ಟೊರಿಕೊ ಮತ್ತು ಡೊಮಿನಿಕನ್ ಗಣರಾಜ್ಯದಲ್ಲಿ ನಾಲ್ವರು ಎರಡು ಜೋಡಿಗಳಾಗಿ, ಜೊತೆಗಾರರು ಎದುರುಬದುರಾಗಿ ಕೂತು, 28 ಬಿಲ್ಲೆಗಳನ್ನೂ ತಲಾ ಏಳರಂತೆ ಹಂಚಿಕೊಂಡು ಆಡುತ್ತಾರೆ, ರಾಶಿಯೇ ಇರುವುದಿಲ್ಲ. ಎರಡೂ ತುದಿಗಳಿಗೆ ಹೊಂದುವ ಬಿಲ್ಲೆಯನ್ನೇ ಕೊನೆಯದಾಗಿ ಇಟ್ಟು ಗೆದ್ದರೆ ಅಲ್ಲಿ ಕಾಪಿಕು ಎಂದು ಕೂಗಿ ಬಿಲ್ಲೆಯನ್ನು ಮೇಜಿಗೆ ಬಡಿಯುವುದು ರೂಢಿ. ಮಯಾಮಿಯ ಲಿಟಲ್ ಹವಾನಾದಲ್ಲಿ ಡಾಮಿನೋ ಪಾರ್ಕ್ ಎಂದೇ ಹೆಸರಾದ ಮ್ಯಾಕ್ಸಿಮೋ ಗೋಮೆಜ್ ಉದ್ಯಾನದಲ್ಲಿ ಕ್ಯೂಬಾದಿಂದ ವಲಸೆ ಬಂದ ಹಿರಿಯರು ಕೂಡಿ ಆಡುವ ಆಟವೂ ಇಂಥದೇ ಮೇಜಿನ ಆಟ. ಇಂಥ ಮೇಜುಗಳಲ್ಲಿ ಮಾತಿನಿಂದ ಸುಳಿವು ಕೊಡುವಂತಿಲ್ಲ, ಆದರೆ ಕಾಲಕ್ಕೆ ಅರ್ಥವಿದೆ. ತಟ್ಟನೆ ಬಿದ್ದ ಬಿಲ್ಲೆ ಬೇರೆ ದಾರಿಯಿರಲಿಲ್ಲವೆಂದು ಹೇಳುತ್ತದೆ, ತಡೆದು ಬಿದ್ದದ್ದು ಆಯ್ಕೆಯಿತ್ತೆಂದು ಹೇಳುತ್ತದೆ, ಮತ್ತು ಎದುರಿಗೆ ಕೂತ ಜೊತೆಗಾರರು ಅದನ್ನು ಓದಿಕೊಂಡು ತಮ್ಮ ಬಿಲ್ಲೆಯನ್ನು ಆರಿಸುತ್ತಾರೆ. ಜೊತೆಗಾರನಾದ ಕಂಪ್ಯೂಟರ್ ಪ್ರತಿ ಬಿಲ್ಲೆಯನ್ನೂ ಒಂದೇ ಲಯದಲ್ಲಿ ಇಡುತ್ತದೆ. ಕೆಲವು ಪ್ರೋಗ್ರಾಮುಗಳು ಯೋಚಿಸುತ್ತಿರುವಂತೆ ತೋರಲು ಸೇರಿಸುವ ವಿಳಂಬಕ್ಕೂ ಅರ್ಥವಿಲ್ಲ. ಪರದೆಯ ಮುಂದೆ ವರ್ಷಗಟ್ಟಲೆ ಆಡಿದವರೂ ಈ ಒಂದು ಪಾಠವನ್ನು ಮನುಷ್ಯರ ಮೇಜಿಗೆ ಬಂದೇ ಕಲಿಯಬೇಕು.

ಉಳಿದದ್ದನ್ನು ಪರದೆಯ ಮುಂದೆಯೇ ಚೆನ್ನಾಗಿ ಕಲಿಯಬಹುದು, ಬಿಲ್ಲೆಗಳನ್ನು ಬೆಳಗಿಸುವ ನೆರವನ್ನು ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಿ ಆಡುವ ತಾಳ್ಮೆಯಿದ್ದರೆ. ಮೇಜಿನ ಮೇಲೆ ಯಾವ ಬಿಲ್ಲೆಯೂ ತಾನಾಗಿ ಮಂಕಾಗುವುದಿಲ್ಲ, ಮತ್ತು ಆಡಬಹುದಾದ ಬಿಲ್ಲೆಯನ್ನು ಕೈಯಲ್ಲಿಟ್ಟುಕೊಂಡು ಪಾಸ್ ಹೇಳುವುದು ಅಲ್ಲಿ ಗಂಭೀರ ತಪ್ಪು. ಬಹಳ ಪ್ರೋಗ್ರಾಮುಗಳು ಆಟ ಮುಗಿದೊಡನೆ ಎದುರಾಳಿಯ ಕೈಯಲ್ಲಿ ಉಳಿದ ಬಿಲ್ಲೆಗಳನ್ನು ತೆರೆದು ತೋರಿಸುತ್ತವೆ. ಹೊಸ ಆಟಕ್ಕೆ ಹಾರುವ ಆತುರದಲ್ಲಿ ಅದನ್ನು ನೋಡದೆ ಮುಚ್ಚಿಬಿಡುವವರೇ ಹೆಚ್ಚು. ಬ್ಲಾಕ್ ಆಟದಲ್ಲಿ ಎದುರಾಳಿ ಪಾಸ್ ಹೇಳಿದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕೊನೆಗೆ ತೆರೆದುಕೊಂಡ ಬಿಲ್ಲೆಗಳೊಂದಿಗೆ ತಾಳೆ ನೋಡುತ್ತ ಹೋದರೆ, ಚೀಟಿಯಲ್ಲಿದ್ದ ಒಂದು ಅಂಕಿಯೂ ಆ ಬಿಲ್ಲೆಗಳಲ್ಲಿ ಕಾಣಿಸುವುದಿಲ್ಲ. ಮುಂದಿನ ಆಟದಲ್ಲಿ ಎದುರಾಳಿ ಪಾಸ್ ಹೇಳಿದ ಅಂಕಿಗಳನ್ನೇ ತುದಿಗೆ ತರುವ ಧೈರ್ಯ ಅಲ್ಲಿಂದ ಬರುತ್ತದೆ.