ಬೇಸಿಗೆಯಲ್ಲೇ ಅಟ್ಟ ಸೇರುವ ಟ್ರಂಕು

ಪ್ರವಾಹದ ಸುದ್ದಿಗೂ ಒಂದು ಸೀಸನ್ ಇದೆ. ಆಗಸ್ಟ್ ಬಂತೆಂದರೆ ಡೆಸ್ಕಿನಿಂದ ಫೋನ್ ಬರುತ್ತದೆ: ‘ಹೊಳೆ ಎಷ್ಟಿದೆ? ಫೋಟೊ ಕಳಿಸಿ.’ ನಾವು ಬೈಕ್ ಹತ್ತಿ ಬಿಳಿಕೆರೆಯಿಂದ ಹುಣಸೂರಿಗೆ ಓಡುತ್ತೇವೆ. ಸೇತುವೆ ಮೇಲೆ ಎರಡು ಫೋಟೊ, ನೀರು ನುಗ್ಗಿದ ಬೀದಿಯಲ್ಲಿ ಎರಡು ಫೋಟೊ, ಅಧಿಕಾರಿಯದೊಂದು ಮಾತು. ಅವತ್ತಿನ ಕೆಲಸ ಮುಗೀತು. ಏಪ್ರಿಲ್‌ನಲ್ಲಿ ಅದೇ ಹೊಳೆ ಬಗ್ಗೆ ಬರೆದರೆ ಯಾರಿಗೂ ಬೇಡ.

ಈ ಸಲ ಬೇಸಿಗೆಯಲ್ಲೇ ಹೋದೆವು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ದಂಡೆ ಹತ್ತಿರದ ತಗ್ಗು ಬೀದಿಯಲ್ಲಿ ಒಬ್ಬರು ನಿವೃತ್ತ ಟೀಚರಮ್ಮ ಇದ್ದಾರೆ. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ವಯಸ್ಸು 70 ದಾಟಿದೆ. ಯಜಮಾನರು ತೀರಿಕೊಂಡಿದ್ದಾರೆ, ಮಗ ಮೈಸೂರಿನಲ್ಲಿದ್ದಾನೆ. ಹೆಸರು ಹಾಕಬೇಡಪ್ಪ ಅಂದಿದ್ದಾರೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇವೆ.

ಬೆಳಿಗ್ಗೆ ಐದಕ್ಕೆ ಎದ್ದು ಅಂಗಳಕ್ಕೆ ನೀರು ಹಾಕುತ್ತಾರೆ. ಒಂದು ಲೋಟ ರಾಗಿ ಅಂಬಲಿ ಕುಡಿಯುತ್ತಾರೆ. ಎಂಟಕ್ಕೆ ಬೀದಿಯ ಏಳೆಂಟು ಮಕ್ಕಳು ಸ್ಲೇಟು, ನೋಟ್‌ಬುಕ್ಕು ಹಿಡಿದು ಜಗುಲಿಗೆ ಬರುತ್ತವೆ. ಶಾಲೆಗೆ ರಜೆ. ಅಪ್ಪ ಅಮ್ಮ ಹೊಗೆಸೊಪ್ಪಿನ ಸಸಿಮಡಿ ಕೆಲಸಕ್ಕೋ ಗಾರೆ ಕೆಲಸಕ್ಕೋ ಹೋಗಿರುತ್ತಾರೆ. ಇಲ್ಲಿ ಕಾಗುಣಿತ, ಮಗ್ಗಿ. ಹತ್ತಕ್ಕೆ ಮಜ್ಜಿಗೆ. ಫೀಸು ಗೀಸು ಏನಿಲ್ಲ.

ಮಕ್ಕಳು ಹೋದ ಮೇಲೆ ಅವರ ಇನ್ನೊಂದು ಕೆಲಸ ಶುರು. ಗೋಡೆಯ ಕ್ಯಾಲೆಂಡರಿನಲ್ಲಿ ಭರಣಿ ಮಳೆಯಿಂದ ಮೃಗಶಿರದವರೆಗೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದುಕೊಂಡಿದ್ದಾರೆ. ಒಂದು ದಿನಕ್ಕೆ ಒಂದೇ ಕೆಲಸ. ಒಂದು ದಿನ ಹೆಂಚು ಕೈಯಾಡಿಸುವುದು. ಒಂದು ದಿನ ಅಟ್ಟದ ಹಲಗೆ ನೋಡುವುದು. ಒಂದು ದಿನ ಟ್ರಂಕು ಬಿಚ್ಚಿ ಕಾಗದ ಪತ್ರ ಬಿಸಿಲಿಗೆ ಹಾಕಿ, ಪ್ಲಾಸ್ಟಿಕ್ ಕವರಿಗೆ ತುಂಬುವುದು: ಮನೆ ಖಾತೆ, ಕಂದಾಯ ರಸೀದಿ, ರೇಷನ್ ಕಾರ್ಡು, ಪಾಸ್‌ಬುಕ್ಕು, ಪಿಂಚಣಿ ಪುಸ್ತಕ. ಆಮೇಲೆ ಪಕ್ಕದ ಮನೆ ಹುಡುಗರನ್ನು ಕರೆದು ಟ್ರಂಕನ್ನು ಅಟ್ಟಕ್ಕೆ ಏರಿಸುವುದು. ಬಚ್ಚಲಿನ ತೂತಿಗೆ ತುರುಕಲು ಹಳೇ ಬಟ್ಟೆಯ ಉಂಡೆ, ಅದರ ಮೇಲಿಡಲು ಎರಡು ಮರಳು ಚೀಲ.

‘ಬಚ್ಚಲಿಗ್ಯಾಕೆ?’ ಅಂದೆವು.

‘ನೀವು ಫೋಟೊದೋರು ಬಾಗಿಲು ನೋಡ್ತೀರಿ. ನೀರು ಮೊದಲು ಬರೋದು ಬಾಗಿಲಿಂದಲ್ಲಪ್ಪ, ಬಚ್ಚಲಿಂದ. ಹೊಳೆ ಮೇಲೆದ್ದರೆ ಚರಂಡಿ ನೀರು ಹೊಳೆಗೆ ಹೋಗಲ್ಲ, ವಾಪಸ್ ಮನೆಗೆ ಬರುತ್ತೆ. ಬಚ್ಚಲು ಗುಳುಗುಳು ಅಂದರೆ ನಮಗೆ ಗೊತ್ತಾಗುತ್ತೆ.’

ಸಂಜೆ ಬಿಸಿಲು ಇಳಿದ ಮೇಲೆ ಅವರ ಜೊತೆ ಹೊಳೆ ಕಡೆ ನಡೆದೆವು. ಹೊಳೆ ಅನ್ನುವ ಹಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನಿಂತ ಕಪ್ಪು ನೀರು, ಮೇಲೆ ಅಂತರಗಂಗೆಯ ಹಸಿರು, ದಡದ ಉದ್ದಕ್ಕೂ ಪ್ಲಾಸ್ಟಿಕ್ಕು, ಕಟ್ಟಡ ಒಡೆದ ಮಣ್ಣು. ‘ಈಗ ಇದನ್ನ ತೆಗೆದರೆ ಎರಡು ದಿನದ ಕೆಲಸ. ಆಗಸ್ಟ್‌ನಲ್ಲಿ ಇದೇ ಹೋಗಿ ಸೇತುವೆ ಬಾಯಿಗೆ ಕೂತ್ಕೊಳ್ಳುತ್ತೆ,’ ಅಂದರು.

ಈ ಹೊಳೆ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯಲ್ಲಿ. ಇರ್ಪು ಜಲಪಾತವಾಗಿ ಬಿದ್ದು, ಶ್ರೀಮಂಗಲ, ಬಾಳೆಲೆ, ನಿಟ್ಟೂರು ಕಡೆಯಿಂದ ಇಳಿದು, ಹನಗೋಡು ಅಣೆಕಟ್ಟೆ ದಾಟಿ ಹುಣಸೂರಿಗೆ ಬರುತ್ತದೆ. ಮುಂದೆ ಕಟ್ಟೆಮಳಲವಾಡಿ ಮೇಲೆ ಹಾದು ಕೆಆರ್‌ಎಸ್ ಹಿನ್ನೀರಿಗೆ ಸೇರುತ್ತದೆ. ಎಚ್.ಡಿ. ಕೋಟೆಯವರಿಗೆ ಕಬಿನಿ ಜಲಾಶಯ ಇದೆ. ಕೆ.ಆರ್. ನಗರದ ಕಡೆ ಬರುವ ಕಾವೇರಿಗೆ ಮೇಲೆ ಹಾರಂಗಿ ಇದೆ. ಅಲ್ಲಿ ಗೇಟು ಎತ್ತುವ ಮುಂಚೆ ಎಚ್ಚರಿಕೆ ಕೊಡುತ್ತಾರೆ, ಇಷ್ಟು ಕ್ಯುಸೆಕ್ ಅಂತ ಲೆಕ್ಕ ಬರುತ್ತದೆ. ಲಕ್ಷ್ಮಣತೀರ್ಥಕ್ಕೆ ಹುಣಸೂರಿನ ಮೇಲೆ ಅಂಥ ದೊಡ್ಡ ಜಲಾಶಯ ಇಲ್ಲ. ಹನಗೋಡಿನದು ಕಾಲುವೆಗೆ ನೀರು ತಿರುಗಿಸುವ ಕಟ್ಟೆ, ಪ್ರವಾಹ ಹಿಡಿದಿಡುವ ಡ್ಯಾಂ ಅಲ್ಲ. ಕೊಡಗಿನಲ್ಲಿ ಸುರಿದದ್ದು ನೇರ ಬರುತ್ತದೆ. ಹುಣಸೂರಿನಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ತುಂಬಬಹುದು.

ಅದಕ್ಕೇ ಟೀಚರಮ್ಮನ ಬೇಸಿಗೆ ಕೆಲಸಗಳಲ್ಲಿ ದೊಡ್ಡದು ಫೋನಿನದು. ಅವರ ಹತ್ತಿರ ಒಂದು ಹಳೇ ಹಾಜರಿ ಪುಸ್ತಕ ಇದೆ. ಹಿಂದಿನ ಹಾಳೆಯಲ್ಲಿ ಹನ್ನೊಂದು ನಂಬರ್. ಹನಗೋಡಿನಲ್ಲಿ ಅಂಗಡಿ ಇಟ್ಟಿರುವ ಹಳೇ ವಿದ್ಯಾರ್ಥಿ, ಬಾಳೆಲೆ ಕಡೆ ತೋಟದ ಕೆಲಸಕ್ಕೆ ಹೋದವನು, ಶ್ರೀಮಂಗಲಕ್ಕೆ ಮದುವೆಯಾಗಿ ಹೋದವಳು. ಮೇ ತಿಂಗಳಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾರೆ. ‘ಚೆನ್ನಾಗಿದ್ದೀಯೇನವ್ವ? ಇದೇ ನಂಬರ್ ತಾನೆ? ಮಳೆ ಜೋರಾದರೆ ಒಂದು ಮಾತು ಹೇಳು.’ ನಂಬರ್ ಬದಲಾಗಿದ್ದರೆ ಹಳೇದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹೊಸದು ಬರೆಯುತ್ತಾರೆ.

‘ಅಲ್ಲಿ ಬಿದ್ದ ಮಳೆ ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ. ಆ ಹೊತ್ತೊಂದೇ ನಮಗೆ ಸಿಗೋದು. ನಂಬರ್ ಸರಿ ಇಲ್ಲದಿದ್ದರೆ ಅದೂ ಸಿಗಲ್ಲ.’

2019ರಲ್ಲಿ ಆ ಹೊತ್ತು ಸಿಗಲಿಲ್ಲ. ಆಗಸ್ಟ್, ಆಶ್ಲೇಷ ಮಳೆ, ವರಮಹಾಲಕ್ಷ್ಮಿ ಹಬ್ಬದ ಹೊತ್ತು. ಕಲಶಕ್ಕೆ ತಂದ ಹೂವು ನೀರಲ್ಲಿ ತೇಲುತ್ತಿದ್ದದ್ದು ನಮಗೂ ನೆನಪಿದೆ. ಅವರ ನಡುಮನೆ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಂದು ಗೆರೆ ಇದೆ. ಪ್ರತಿ ಯುಗಾದಿಗೆ ಸುಣ್ಣ ಹೊಡೆಸುವಾಗ ಆ ಗೆರೆಯನ್ನು ಮಾತ್ರ ಬಿಡಿಸುತ್ತಾರೆ. ಅಟ್ಟದ ಹಲಗೆ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೆ ಅದೇ ಅವರ ಅಳತೆ.

ಆ ದಿನ ನಾವು ಅವರ ಫೋಟೊ ತೆಗೆದಿದ್ದೆವು. ನೀರಿನಲ್ಲಿ ನಿಂತು, ಒಂದು ಟ್ರಂಕನ್ನು ಎದೆಗವುಚಿಕೊಂಡು, ನಮ್ಮ ಕಡೆ ನೋಡುತ್ತಿದ್ದ ಫೋಟೊ. ಪೇಪರಿನಲ್ಲಿ ಅಚ್ಚಾಯಿತು. ಕೆಳಗೆ ‘ನೆರವಿಗೆ ಮೊರೆಯಿಡುತ್ತಿರುವ ವೃದ್ಧೆ’ ಅಂತ ಒಂದು ಸಾಲು. ಆ ಸಾಲು ಬರೆದು ಕಳಿಸಿದವರು ನಾವೇ. ಫೋಟೊ ಚೆನ್ನಾಗಿದೆ ಅಂತ ಎಷ್ಟೋ ಜನ ಹೇಳಿದರು, ಖುಷಿಪಟ್ಟಿದ್ದೆವು.

ಹೊಳೆ ದಂಡೆಯಿಂದ ವಾಪಸ್ ಬಂದು ಜಗುಲಿಯಲ್ಲಿ ಕೂತಾಗ ಟೀಚರಮ್ಮ ತಾವಾಗೇ ಅದರ ಮಾತೆತ್ತಿದರು.

‘ನಾನು ಯಾರನ್ನೂ ಬೇಡ್ತಾ ಇರಲಿಲ್ಲ ಕಣಪ್ಪ. ಆ ಟ್ರಂಕು ನಂದಲ್ಲ, ಪಕ್ಕದ ಮನೆ ಬಾಣಂತಿದು. ಅವಳು ಮಗು ಎತ್ಕೊಂಡು ಮುಂದೆ ಹೋದಳು. ನಾನು ಹಿಂದೆ ತರ್ತಿದ್ದೆ. ತೂಕ ತಡೆಯೋಕಾಗದೆ ನಿಂತೆ. ಎದುರಿಗೆ ನೀನಿದ್ದೆ. ಒಂದು ಕಡೆ ಹಿಡ್ಕೊ ಅಂದೆ. ನಿನಗೆ ಕೇಳಿಸಲಿಲ್ಲ ಅನ್ಸುತ್ತೆ.’

ಕೇಳಿಸಿತ್ತೋ ಇಲ್ಲವೋ, ಈಗ ಪ್ರಮಾಣ ಮಾಡಿ ಹೇಳಲಾರೆವು. ಕ್ಯಾಮೆರಾ ನೆನೆಯಬಾರದು ಅಂತ ಎತ್ತಿ ಹಿಡಿದಿದ್ದದ್ದು ಮಾತ್ರ ನೆನಪಿದೆ. ಆ ಟ್ರಂಕು ಕೊನೆಗೆ ನೀರಿಗೆ ಬಿತ್ತಂತೆ. ಒಳಗಿದ್ದ ಕಾಗದವೆಲ್ಲ ಮುದ್ದೆಯಾಯಿತಂತೆ. ಆ ವರ್ಷ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ ತುರ್ತು ಪರಿಹಾರ 10,000 ರೂಪಾಯಿ ಘೋಷಿಸಿತ್ತು. ಬಾಣಂತಿಯ ಮನೆಯವರು ಬಾಡಿಗೆಗೆ ಇದ್ದವರು. ಕಾಗದ ತೋರಿಸಲು ಎಷ್ಟೋ ದಿನ ಕೂಲಿ ಬಿಟ್ಟು ಓಡಾಡಿದರಂತೆ. ಟೀಚರಮ್ಮ ಇದನ್ನು ಸಿಟ್ಟಿಲ್ಲದೆ, ತಪ್ಪು ಲೆಕ್ಕ ತಿದ್ದುವ ಹಾಗೆ ಹೇಳಿದರು. ನಾವು ತಪ್ಪಾಯ್ತಮ್ಮ ಅಂದೆವು. ‘ಸರಿ ಬಿಡು, ಮಜ್ಜಿಗೆ ಕುಡಿ,’ ಅಂದರು.

ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಮನೆ ಮಾರಿ ಬಂದುಬಿಡಮ್ಮ ಅನ್ನುತ್ತಾನೆ. ‘ಅವನು ಹೇಳೋದರಲ್ಲಿ ತಪ್ಪಿಲ್ಲ. ಆದರೆ ಈ ಮನೆ ಕೊಳ್ಳೋರು ಯಾರು? ಕೊಂಡರೂ ಅವರಿಗೆ ಬಚ್ಚಲಿನ ವಿಷಯ ಹೇಳದೆ ಹೇಗೆ ಮಾರಲಿ?’ ಅಂತ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಂಡಿ ಇನ್ನೆರಡು ಮಳೆಗಾಲ ತಡೆಯಬಹುದು,’ ಅಂದರು.

ಹೊಳೆ ಪಕ್ಕದ ಊರುಗಳ ಓದುಗರಿಗೆ ಅವರು ಹೇಳಿ ಕಳಿಸಿದ್ದು ಇಷ್ಟು. ಕಾಗದ ಪತ್ರ ಈಗಲೇ ಕವರಿಗೆ ಹಾಕಿ, ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಹೊಳೆಯ ಮೇಲಿನ ಊರಿನವರ ಎರಡು ನಂಬರಾದರೂ ಇರಲಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತಿಗೆ 112. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ನಡೆಯಲಾಗದವರು ಇದ್ದಾರೆ ಅಂತ ಮೃಗಶಿರ ಹುಟ್ಟುವ ಮುಂಚೆಯೇ ತಿಳಿದಿರಲಿ.

ಹೊರಡುವಾಗ ಹಾಜರಿ ಪುಸ್ತಕ ತಂದು ನಮ್ಮ ನಂಬರ್ ಕೇಳಿದರು. ಹನ್ನೆರಡನೆಯದಾಗಿ ಬರೆದುಕೊಂಡು, ಮುಂದೆ ಆವರಣದಲ್ಲಿ ‘ಟ್ರಂಕು’ ಅಂತ ಹಾಕಿದರು. ಸರಿ ಇದೆಯಾ ಅಂತ ಅಲ್ಲೇ ಒಂದು ರಿಂಗ್ ಕೊಟ್ಟು ನೋಡಿದರು.