ಸಂಕದ ಮೇಲೆ ನಿಲ್ಲುವವರು

ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಸಾಗುವ ಪ್ರಯಾಣಿಕರು ಮುಂಡಾಜೆಯನ್ನು ಒಂದು ಊರೆಂದು ಗುರುತಿಸುವುದು ಕಡಿಮೆ. ಉಜಿರೆ ದಾಟಿದ ಮೇಲೆ ಸೋಮಂತಡ್ಕದ ಅಂಗಡಿಸಾಲು, ಆಮೇಲೆ ಅಡಿಕೆ ತೋಟ, ರಬ್ಬರು, ಕಾಡು, ಮತ್ತೆ ಕಕ್ಕಿಂಜೆಯ ಪೇಟೆ, ಅಲ್ಲಿಂದ ಚಾರ್ಮಾಡಿ ಘಾಟಿಯ ತಿರುವುಗಳು ಎಂಬ ಕ್ರಮದಲ್ಲಿ ಅದು ಕಿಟಕಿಯಾಚೆ ಸರಿದುಹೋಗುತ್ತದೆ. ಬೆಳ್ತಂಗಡಿ ತಾಲೂಕಿನ ಈ ಗ್ರಾಮದ ಒಳದಾರಿಗಳಲ್ಲಿ ನಡೆದು ಓಡಾಡುವವರಿಗಾದರೋ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೆಂದರೆ ಹೆಚ್ಚುಕಡಿಮೆ ನೀರು ದಾಟುವುದೆಂದೇ ಅರ್ಥ. ಘಟ್ಟದಿಂದಿಳಿಯುವ ಮೃತ್ಯುಂಜಯ ನದಿ ಈ ಸೀಮೆಯನ್ನು ಹಾದು, ಪಕ್ಕದ ಕಲ್ಮಂಜ ಗ್ರಾಮದ ಪಜಿರಡ್ಕದಲ್ಲಿ ಸದಾಶಿವೇಶ್ವರ ದೇವಸ್ಥಾನದ ಬಳಿ ನೇತ್ರಾವತಿಯನ್ನು ಕೂಡುತ್ತದೆ. ನದಿಗೆ ಸೇರುವ, ಕರಾವಳಿಯವರು ತೋಡು ಎಂದು ಕರೆಯುವ ಕಿರುಹಳ್ಳಗಳು ಬೇಸಿಗೆಯಲ್ಲಿ ಪಾದ ಮುಳುಗದಷ್ಟು ತೆಳುವಾಗಿದ್ದು, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ತಪ್ಪಲಿನಲ್ಲಿ ಜೂನ್ ಕಳೆಯುವುದರೊಳಗೆ ಎದೆಮಟ್ಟ ಏರುತ್ತವೆ.

ಹೀಗೆ ಏರುವ ನೀರಿಗೆ ಹಳ್ಳಿಗರು ಕಂಡುಕೊಂಡ ಮೊದಲ ಉತ್ತರ ಕಾಲುಸಂಕ. ತುಳುವಿನಲ್ಲೂ ಕರಾವಳಿಯ ಕನ್ನಡದಲ್ಲೂ ಸಂಕವೆಂದರೆ ಸೇತುವೆ. ಕಾಲುಸಂಕವೆಂದರೆ ನಡೆಯುವವರಿಗಷ್ಟೇ ಒದಗುವ ಕಿರುಸೇತುವೆ. ಎರಡು ಮೂರು ಅಡಿಕೆ ಮರಗಳನ್ನು ದಡದಿಂದ ದಡಕ್ಕೆ ಹಾಯಿಸಿ, ಮೇಲೆ ಸೀಳಿದ ದಬ್ಬೆಗಳನ್ನು ಅಡ್ಡ ಬಿಗಿದು, ಒಂದು ಬದಿಗೆ ಬಿದಿರಿನ ಹಿಡಿಕೆ ಕಟ್ಟಿದರೆ ಅದು ಸಿದ್ಧ. ಮಳೆಯಲ್ಲಿ ನೆನೆದ ಅಡಿಕೆ ಮರ ಬಹುಕಾಲ ಬಾಳದಿರುವುದರಿಂದ ಮಳೆಗಾಲಕ್ಕೆ ಮೊದಲು ಅದನ್ನು ಪರೀಕ್ಷಿಸಿ ಬದಲಿಸಬೇಕಾಗುತ್ತದೆ; ಎರಡೂ ದಡದ ಮನೆಯವರು ಒಟ್ಟಾಗದೆ ಈ ಕೆಲಸ ಆಗುವಂಥದ್ದಲ್ಲ. ಜಾಗದ ಗಡಿ, ನೀರಿನ ಪಾಲು ಮುಂತಾದ ತಕರಾರುಗಳಿಂದ ಮಾತು ಬಿಟ್ಟ ನೆರೆಹೊರೆಯವರೂ ಮೇ ತಿಂಗಳಲ್ಲಿ ಮರ ಎತ್ತಲು ಹೆಗಲು ಕೊಡಲೇಬೇಕು. ಸಂಕ ಜನರನ್ನು ಕೂಡಿಸುತ್ತದೆ ಎನ್ನುವಾಗ ಅದರ ಮೇಲೆ ನಡೆಯುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯುವವರು ಅದನ್ನು ಕಟ್ಟುವ ದಿನವನ್ನು ಮರೆಯುತ್ತಾರೆ.

ಕಾಲುಸಂಕದ ಮೇಲೆ ಒಮ್ಮೆಗೆ ಒಬ್ಬರೇ ಸಾಗಬೇಕಾದ್ದರಿಂದ ಅದಕ್ಕೊಂದು ನಡವಳಿಕೆಯೂ ಬೆಳೆದಿದೆ. ತಲೆಹೊರೆಯವರಿಗೆ ಬರಿಗೈಯವರು ದಾರಿ ಬಿಡುತ್ತಾರೆ, ಮಕ್ಕಳು ದಾಟುವವರೆಗೆ ದೊಡ್ಡವರು ಆಚೆ ದಡದಲ್ಲಿ ನಿಲ್ಲುತ್ತಾರೆ, ಹಾಗೆ ನಿಂತವರು ಸುಮ್ಮನಿರಲಾರದೆ ಅಡಿಕೆಗೆ ಬಂದ ಕೊಳೆರೋಗವನ್ನೋ ಮಗಳ ಮನೆಯ ಸುದ್ದಿಯನ್ನೋ ವಿಚಾರಿಸುತ್ತಾರೆ. ತುಳು ಎಲ್ಲರ ಬಳಕೆಯ ನುಡಿಯಾಗಿರುವ ಈ ಭಾಗದಲ್ಲಿ ಚಿತ್ಪಾವನರ ಮನೆಮಾತು ಬೇರೆ, ಬ್ಯಾರಿಗಳದು ಬೇರೆ, ಕೇರಳದಿಂದ ಬಂದು ರಬ್ಬರು ಬೆಳೆದ ಸಿರೋ ಮಲಬಾರ್ ಕ್ರೈಸ್ತರದು ಮಲಯಾಳ. ಈ ಕ್ರೈಸ್ತರ ಸಂಖ್ಯೆ ಬೆಳ್ತಂಗಡಿಯೇ ಒಂದು ಧರ್ಮಪ್ರಾಂತ್ಯವಾಗುವಷ್ಟು ಬೆಳೆದು 1999ರಲ್ಲಿ ಅದು ಸ್ಥಾಪನೆಯೂ ಆಯಿತು. ಇಷ್ಟು ಮನೆಮಾತುಗಳ ಜನ ದೇವಸ್ಥಾನ, ಮಸೀದಿ, ಇಗರ್ಜಿಗಳಲ್ಲಿ ಬೇರೆ ಬೇರೆಯಾಗಿ ಸೇರಿದರೂ ತೋಡಿನ ದಡದಲ್ಲಿ ಒಂದೇ ಸರತಿಯಲ್ಲಿ ನಿಲ್ಲುತ್ತಾರೆ.

ಇಷ್ಟು ಹೇಳಿ ಕಾಲುಸಂಕದ ಸೊಗಸನ್ನು ಹೊಗಳುತ್ತ ಕುಳಿತರೆ ಅನ್ಯಾಯವಾದೀತು. ಪಾಚಿಗಟ್ಟಿದ ಅಡಿಕೆ ಮರದ ಮೇಲೆ ಆಟಿ ತಿಂಗಳ ಮಳೆಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲದಲ್ಲಿ, ಪಾಟಿಚೀಲ ಹೊತ್ತು ದಾಟುವವರಿಗೆ ಅದು ಧ್ಯಾನದ ಜಾಗವಲ್ಲ. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಇಂಥ ಸಂಕಗಳ ಬದಲು ಗಟ್ಟಿ ಕಿರುಸೇತುವೆ ಕಟ್ಟುವುದಕ್ಕೆಂದೇ ರಾಜ್ಯ ಸರ್ಕಾರ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯನ್ನು ತಂದಿದ್ದರೂ ಅದು ಎಲ್ಲ ತೋಡುಗಳನ್ನು ತಲುಪುವಷ್ಟರಲ್ಲಿ ಎಷ್ಟೋ ಮಕ್ಕಳು ಶಾಲೆ ಮುಗಿಸಿರುತ್ತಾರೆ.

ಕಾಲುಸಂಕಕ್ಕೂ ಕಾಂಕ್ರೀಟಿಗೂ ನಡುವೆ ದಕ್ಷಿಣ ಕನ್ನಡ ಜಿಲ್ಲೆ ತನ್ನದೇ ಆದ ಇನ್ನೊಂದು ದಾರಿಯನ್ನು ಕಂಡುಕೊಂಡಿತು. ಸುಳ್ಯದ ಗಿರೀಶ್ ಭಾರದ್ವಾಜ್ ಎಂಬ ಮೆಕ್ಯಾನಿಕಲ್ ಎಂಜಿನಿಯರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಕಟ್ಟಿದ ತೂಗುಸೇತುವೆಯಿಂದ ಮೊದಲ್ಗೊಂಡು ನೂರಕ್ಕೂ ಮಿಕ್ಕಿದ ಇಂಥ ಸೇತುವೆಗಳನ್ನು ಹಲವು ರಾಜ್ಯಗಳಲ್ಲಿ ನಿರ್ಮಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ದಡಗಳಲ್ಲಿ ನಿಲ್ಲಿಸಿದ ಗೋಪುರಗಳ ಮೇಲಿಂದ ಉಕ್ಕಿನ ಹಗ್ಗಗಳನ್ನು ಹಾಯಿಸಿ ನೆಲಕ್ಕೆ ಬಿಗಿದು, ಆ ಹಗ್ಗಗಳಿಂದ ನಡೆದಾರಿಯನ್ನು ತೂಗುಬಿಡುವ ಈ ರಚನೆಯಲ್ಲಿ ನದಿಯ ನಡುವೆ ಕಂಬಗಳು ಬೇಕಾಗದಿರುವುದರಿಂದ ಖರ್ಚೂ ಕಡಿಮೆ, ನೆರೆಯಲ್ಲಿ ತೇಲಿಬರುವ ದಿಮ್ಮಿಗಳಿಗೆ ತಡೆಯೂ ಇಲ್ಲ. ನಡೆಯುವವರ ಹೆಜ್ಜೆಗೆ ಅದು ತೊಟ್ಟಿಲಿನಂತೆ ಓಲಾಡುವುದರಿಂದ ಅವಸರದವರೂ ನಡು ಹೊಳೆಯಲ್ಲಿ ಗತಿ ಇಳಿಸುತ್ತಾರೆ. ಇಳಿಸಿದವರು ನಿಲ್ಲುತ್ತಾರೆ, ನಿಂತವರು ಕೆಳಗೆ ನೋಡುತ್ತಾರೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಮುಂದೆ ಹರಿಯುವ ಕಪಿಲಾ ನದಿಯ ತೂಗುಸೇತುವೆಯ ಮೇಲೆ ಹೀಗೆ ನಿಂತವರಿಗೆ ದೇವರ ಮೀನುಗಳೆಂದು ಊರು ಕಾಪಾಡಿಕೊಂಡು ಬಂದಿರುವ ಮಹಶೀರ್ ಮೀನುಗಳ ಹಿಂಡು ಕಾಣುತ್ತದೆ (ಈಚೆಗೆ ಮೀನಿಗಿಂತ ಮೊದಲು ತಮ್ಮ ಮುಖವನ್ನು ಫೋನಿನಲ್ಲಿ ನೋಡಿಕೊಳ್ಳುವವರೂ ಉಂಟು).

ನೀರು ನಿಲ್ಲಿಸುವುದನ್ನೂ ಜನರನ್ನು ದಾಟಿಸುವುದನ್ನೂ ಒಟ್ಟಿಗೆ ಮಾಡುವುದು ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಕಂಬಗಳ ನಡುವಿನ ಕಿಂಡಿಗಳಿಗೆ ಹಲಗೆ ಇಳಿಸಿ ತೋಟಗಳಿಗೆ ನೀರು ಉಳಿಸಿಕೊಳ್ಳುವ, ಮುಂಗಾರಿಗೆ ಮೊದಲು ಅವನ್ನು ತೆಗೆಯುವ ಈ ಕಟ್ಟೋಣಗಳು ಹಲವೆಡೆ ಊರಿನ ಸೇತುವೆಯೂ ಹೌದು. 2019ರ ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಗುಡ್ಡಗಳು ಜರಿದು ಮೃತ್ಯುಂಜಯದಲ್ಲಿ ಬುಡಸಹಿತ ಮರಗಳು ಉರುಳಿಬಂದಾಗ ತಗ್ಗಿನ ಸೇತುವೆ, ಕಿಂಡಿಗಳಲ್ಲಿ ಅವು ಸಿಲುಕಿ ನೀರು ತೋಟಗಳಿಗೆ ನುಗ್ಗಿತು. ಚಾರ್ಮಾಡಿಯ ಕೊಳಂಬೆಯಲ್ಲಿ ಮನೆಗಳೇ ಹೋಗಿ ಮರಳಷ್ಟೇ ಉಳಿಯಿತು. ಆ ವರ್ಷದಿಂದೀಚೆಗೆ ಮಳೆ ಬಿರುಸಾದ ಸಂಜೆಗಳಲ್ಲಿ ಸೇತುವೆಯ ಮೇಲೆ ಬಂದು ನಿಲ್ಲುವವರ ನೋಟ ಬೇರೆಯಾಗಿದೆ: ಅವರು ನೀರಿನ ಬಣ್ಣವನ್ನು ನೋಡುತ್ತಾರೆ, ಕೆಂಪಾದರೆ ಮೇಲೆಲ್ಲೋ ಮಣ್ಣು ಜಾರಿದೆ ಎಂದು ತಿಳಿದು ದನಗಳನ್ನು ಬಿಚ್ಚಲು ಮನೆಗೆ ನಡೆಯುತ್ತಾರೆ.

ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಹೆದ್ದಾರಿಯ ಸೇತುವೆಗಳು ಊರುಗಳನ್ನು ಹೆಚ್ಚು ವೇಗವಾಗಿ ಕೂಡಿಸುತ್ತವೆ, ಜನರನ್ನು ಕೂಡಿಸುವುದು ಕಡಿಮೆ. ಭಾರ, ವೇಗ, ಅಗಲಗಳನ್ನು ಲೆಕ್ಕ ಹಾಕುವ ವಿನ್ಯಾಸದಲ್ಲಿ ನಿಲ್ಲುವವರು ಅಡ್ಡಿಯೇ ಹೊರತು ಬಳಕೆದಾರರಲ್ಲ. ನಿಲ್ಲುವುದಕ್ಕೆ ಜಾಗ ಸಿಗುವುದು ಬಹುತೇಕ ಆಕಸ್ಮಿಕವಾಗಿ, ಹೊಸ ಸೇತುವೆ ಬಂದು ಹಳೆಯದು ಬಿಡುವಾದಾಗ. ಬಂಟ್ವಾಳದ ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಹಳೆಯ ನೇತ್ರಾವತಿ ಸೇತುವೆ 1974ರ ಮಹಾನೆರೆಯನ್ನೂ ಕಂಡು ಇಂದಿಗೂ ನಿಂತಿದೆ. ಅದೇ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಕಾಂಕ್ರೀಟ್ ಸೇತುವೆ 2018ರ ಜೂನ್ 25ರಂದು ಕುಸಿದಾಗ ಊರವರ ಕೈ ಹಿಡಿದದ್ದು ಪಕ್ಕದ ತೂಗುಸೇತುವೆ. ಪಕ್ಕದಲ್ಲಿ ಇನ್ನೊಂದು ಸೇತುವೆಯನ್ನು ಉಳಿಸಿಕೊಳ್ಳುವುದು ಭಾವುಕತೆಯಷ್ಟೇ ಅಲ್ಲ ಎಂಬುದಕ್ಕೆ ಈ ಒಂದು ಉದಾಹರಣೆ ಸಾಕು.

ಮುಂಡಾಜೆಯವರ ಪಾಲಿಗೆ ಅಂಥದ್ದು ನಿಡಿಗಲ್ ಸೇತುವೆ. ಕುದುರೆಮುಖ ಶ್ರೇಣಿಯಿಂದ ದಿಡುಪೆಯ ಕಡೆಯಾಗಿ ಬರುವ ನೇತ್ರಾವತಿಯನ್ನು ಉಜಿರೆ ಮತ್ತು ಸೋಮಂತಡ್ಕಗಳ ನಡುವೆ ದಾಟಿಸುತ್ತಿದ್ದ ಈ ಹಳೆಯ ಸೇತುವೆಯ ಪಕ್ಕದಲ್ಲಿ ಹೊಸದು ಎದ್ದ ಮೇಲೆ ಲಾರಿ ಬಸ್ಸುಗಳ ಹೊರೆ ಅದರಿಂದ ಇಳಿದಿದೆ, ಆದರೆ ಹೆದ್ದಾರಿಯವರ ಕಸದ ಚೀಲಗಳು ಅಲ್ಲಿಂದಲೇ ನದಿಗೆ ಬೀಳುತ್ತವೆ. ಕೆಳಗೆ ಕೆಲವೇ ಮೈಲಿಗಳಾಚೆ ಧರ್ಮಸ್ಥಳದ ಸ್ನಾನಘಟ್ಟದಲ್ಲಿ ಯಾತ್ರಿಕರು ಮುಳುಗೇಳುವುದೂ ಇದೇ ನೀರಿನಲ್ಲಿ. ಪುಂಜಾಲಕಟ್ಟೆಯಿಂದ ಚಾರ್ಮಾಡಿಯವರೆಗೆ ಹೆದ್ದಾರಿಯ ಅಗಲೀಕರಣಕ್ಕೆ ಹಣ ಸುರಿಯುವ ಇಲಾಖೆ ಅದರ ತೀರ ಸಣ್ಣದೊಂದು ಪಾಲನ್ನು ಈ ಹಳೆಯ ಸೇತುವೆಯ ದುರಸ್ತಿಗೆ ತೆಗೆದಿರಿಸಿ, ಎರಡೂ ತುದಿಗಳಲ್ಲಿ ವಾಹನಗಳನ್ನು ತಡೆದು, ಕಸ ಎಸೆಯುವವರಿಗೆ ದಂಡ ಹಾಕುವ ಹೊಣೆಯನ್ನು ಪಂಚಾಯತಿಗೆ ಒಪ್ಪಿಸಿ, ಸಂಜೆ ಹೊತ್ತು ನಡೆದು ಬರುವವರಿಗೆ ಅದನ್ನು ಬಿಟ್ಟುಕೊಡಲಿ.